ಬಿಳಿ ಹೊಲಿಯುವ ದಿನ

ಆ ಹಲಗೆಯ ತುಂಬ ಚಿತ್ರಗಳಿದ್ದವು. ನೀರಿನ ಲೋಟ, ಊಟದ ತಟ್ಟೆ, ಕಕ್ಕಸಿನ ಬಾಗಿಲು, ಹೊದಿಕೆ, ಕಿಟಕಿ, ಮತ್ತೆ ನೋವಿನಿಂದ ಮುಖ ಕಿವುಚಿಕೊಂಡ ಒಬ್ಬ ಬೋಳುತಲೆಯವನು. ಏನು ಬೇಕೋ ಅದರ ಮೇಲೆ ಬೆರಳಿಟ್ಟು ತೋರಿಸಬೇಕಂತೆ. ನರ್ಸ್ ಅದನ್ನು ಕತ್ತರಿಯಕ್ಕನ ಮಡಿಲಲ್ಲಿಟ್ಟು, ಅಂಬೆಗಾಲಿಡುವ ಮಗುವಿಗೆ ಹೇಳುವ ಹಾಗೆ ಎರಡೆರಡು ಸಲ ಹೇಳಿ ಹೋಗಿದ್ದಳು. ಕತ್ತರಿಯಕ್ಕ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನನ್ನ ತಮ್ಮ ಸುಳ್ಳು ಹೇಳುತ್ತಿದ್ದಾನೆ ಎನ್ನುವುದಕ್ಕೆ ಅದರಲ್ಲಿ ಚಿತ್ರವಿರಲಿಲ್ಲ.

ಸುಳ್ಳು ಹೇಳಿದ್ದು ಆ ಬೆಳಿಗ್ಗೆಯೇ, ಅವಳ ಕಣ್ಣೆದುರಿಗೇ. ರೌಂಡ್ಸಿಗೆ ಬಂದ ಡಾಕ್ಟರಮ್ಮ ಮಂಚದ ಪಕ್ಕ ನಿಂತು, ಮನೆಯಲ್ಲಿ ಮಾತ್ರೆ ಒಂದು ಹೊತ್ತಾದರೂ ತಪ್ಪಿತ್ತೇ ಎಂದು ಕೇಳಿದ್ದರು. ಕತ್ತರಿಯಕ್ಕನ ಮಗಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಾನು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವವಳು, ಅಮ್ಮ ಮಾತ್ರೆಯನ್ನು ಹೊಲಿಗೆ ಕೋಣೆಯಲ್ಲೇ ಇಟ್ಟುಕೊಂಡು ಅಲ್ಲೇ ನುಂಗುತ್ತಿದ್ದಳು, ಮಾವನಿಗೇ ಗೊತ್ತಿರಬೇಕು ಎಂದು ಅವಳು ತಮ್ಮನ ಕಡೆ ತಿರುಗಿದಳು. ತಮ್ಮ ಗಂಟಲು ಸರಿಮಾಡಿಕೊಂಡ.

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ. ನನ್ನೆದುರಿಗೇ ತಗೋತಿದ್ಲು."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದ. ಕತ್ತರಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದಳು. ಬಂದದ್ದು ಬರೀ "ಬ, ಬ" ಅಷ್ಟೆ. ಡಾಕ್ಟರಮ್ಮ ಅವಳ ಕಾಲು ತಟ್ಟಿ, ಗಾಬರಿ ಬೇಡಮ್ಮ, ಮಾತು ನಿಧಾನಕ್ಕೆ ಬರುತ್ತದೆ ಎಂದು ಮುಂದಿನ ಮಂಚಕ್ಕೆ ನಡೆದರು.

ಈ ಗತಿ ಇನ್ನು ಯಾರಿಗೆ ಬಂದಿದ್ದರೂ ಲೋಕ ಹೇಗೋ ಸಹಿಸಿಕೊಳ್ಳುತ್ತಿತ್ತು. ಇವಳಿಗೆ ಬಂದದ್ದು ಅನ್ಯಾಯ. ಕತ್ತರಿಯಕ್ಕ ಎಂಬ ಆ ಹೆಸರು ಬಟ್ಟೆ ಕತ್ತರಿಸುವ ಕೈಯಿಂದ ಬಂತೋ, ಎದುರಾಳಿಯ ಮಾತು ಕತ್ತರಿಸುವ ನಾಲಗೆಯಿಂದ ಬಂತೋ ಎಂದು ಹೊಲಿಗೆ ಕೋಣೆಯ ಹೆಂಗಸರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಕಿತ್ತುಹೋಗುವ ದಾರ ತಂದುಕೊಟ್ಟ ವ್ಯಾಪಾರಿಯನ್ನು ಅವಳು ಉಗಿದು ಉಪ್ಪಿನಕಾಯಿ ಹಾಕಿದ್ದನ್ನು ನೆನೆದು ಅವನು ಇವತ್ತಿಗೂ ಆ ಮೆಟ್ಟಿಲು ಹತ್ತುವ ಮುಂಚೆ ಮುಖ ಒರೆಸಿಕೊಳ್ಳುತ್ತಾನೆ. ತಮ್ಮನನ್ನಂತೂ ಕೇಳುವುದೇ ಬೇಡ. ತೊಟ್ಟಿಲಲ್ಲಿ ಅಳುತ್ತಿದ್ದಾಗಿನಿಂದ ಅವನಿಗೆ ಅಕ್ಕನ ಬಾಯಿಂದ ಬರುತ್ತಿದ್ದದ್ದು "ಮುಚ್ಚು ಬಾಯಿ" ಎಂಬ ಎರಡೇ ಮಾತು. ಅವನಿಗೆ ತಲೆ ನರೆತು ಕನ್ನಡಕ ಬಂದರೂ ಅದು ನಿಂತಿರಲಿಲ್ಲ.

ಹೊಲಿಗೆ ಕೋಣೆ ಅವರಿಬ್ಬರದ್ದು. ಒಂದು ಬೀಗದ ಅಂಗಡಿಯ ಮೇಲಿನ ಮಹಡಿ, ಎರಡು ಕಡೆ ಕಿಟಕಿ, ನಡುವೆ ಕತ್ತರಿಸುವ ಉದ್ದನೆಯ ಮೇಜು. ಆರ್ಡರ್ ಹಿಡಿಯುವುದು, ಬಿಲ್ಲು, ನಯವಾದ ಮಾತು ತಮ್ಮನ ಪಾಲು. ಬಟ್ಟೆ, ಕತ್ತರಿ, ಬೈಗುಳ ಅಕ್ಕನ ಪಾಲು. ಅಲ್ಲಿ ಹೊಲಿಯುವುದರಲ್ಲಿ ಮುಕ್ಕಾಲು ಪಾಲು ಡಾಕ್ಟರುಗಳ ಬಿಳಿ ಕೋಟು, ಅದೂ ಇದೇ ಆಸ್ಪತ್ರೆಗೆ. ಈಗ ಮಲಗಿರುವ ವಾರ್ಡಿನಲ್ಲಿ ಓಡಾಡುವ ಕೋಟುಗಳೆಲ್ಲ ಅವಳ ಮೇಜಿನಿಂದ ಎದ್ದು ಬಂದವು. ಜೇಬಿನ ಮೂಲೆ ಹರಿಯದ ಹಾಗೆ ಅವಳು ಕೈಯಲ್ಲೇ ಒಂದು ಅಡ್ಡ ಹೊಲಿಗೆ ಹಾಕುತ್ತಾಳೆ. ಮಷೀನು ಅಷ್ಟು ಬಿಗಿಯಾಗಿ ಹಾಕುವುದಿಲ್ಲ ಎನ್ನುವುದು ಅವಳ ಹಟ. ಡಾಕ್ಟರಮ್ಮ ಬಾಗಿದಾಗಲೆಲ್ಲ ಆ ಅಡ್ಡ ಹೊಲಿಗೆ ಅವಳ ಕಣ್ಣಿಗೆ ಬೀಳುತ್ತಿತ್ತು.

ಕಾಯಿಲೆ ಶುರುವಾದದ್ದು ಸೂಜಿಯಿಂದ. ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣು ಎರಡಾಗಿ ಕಾಣತೊಡಗಿತು. ಕನ್ನಡಕ ಬದಲಾಯಿಸಿದರೂ ಎರಡೇ. ಮಗಳು ಬಲವಂತವಾಗಿ ಸ್ಕ್ಯಾನ್ ಮಾಡಿಸಿದಳು. ಮಿದುಳಿನ ರಕ್ತನಾಳ ಎರಡು ಕಡೆ ಉಬ್ಬಿಕೊಂಡಿತ್ತು, ಸವೆದ ಸೈಕಲ್ ಟ್ಯೂಬು ಒಂದು ಕಡೆ ಗುಳ್ಳೆ ಎದ್ದ ಹಾಗೆ. ದೊಡ್ಡ ಗುಳ್ಳೆ ಕಣ್ಣಿನ ನರವನ್ನು ಒತ್ತುತ್ತಿತ್ತು. ಚಿಕ್ಕದು ಸದ್ಯಕ್ಕೆ ಸುಮ್ಮನಿತ್ತು. ದೊಡ್ಡದು ಒಡೆಯುವ ಮುಂಚೆ ಅದರ ಬಾಯಿಗೆ ಅಡ್ಡಲಾಗಿ ಒಂದು ಸ್ಟೆಂಟ್ ಕೂರಿಸೋಣ, ಚಿಕ್ಕದನ್ನು ಆಮೇಲೆ ನೋಡೋಣ ಎಂದರು. ತೊಡೆಯ ರಕ್ತನಾಳದೊಳಗಿಂದ ತಂತಿ ತೂರಿಸಿ, ತಲೆಯವರೆಗೆ ಕೊಂಡೊಯ್ದು, ಬಲೆಯಂಥ ಒಂದು ಸಣ್ಣ ಕೊಳವೆಯನ್ನು ಅಲ್ಲಿ ಬಿಟ್ಟು ಬಂದರು. ತೊಡೆ ಕೆಲವು ದಿನ ನೇರಳೆ ಬಣ್ಣಕ್ಕೆ ತಿರುಗಿತ್ತು ಬಿಟ್ಟರೆ ಎಲ್ಲ ಸುಸೂತ್ರವಾಗಿತ್ತು. ಸೂಜಿಯ ಕಣ್ಣು ಮತ್ತೆ ಒಂದಾಯಿತು.

ಬಲೆಯ ಮೇಲೆ ಒಳಗಿನ ಪೊರೆ ಬೆಳೆಯುವವರೆಗೆ ರಕ್ತ ಅದನ್ನು ಕಂಡರೆ ಹೆಪ್ಪುಗಟ್ಟಲು ನೋಡುತ್ತದೆ, ಆದ್ದರಿಂದ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಬಗೆಯ ಮಾತ್ರೆ ತಪ್ಪದೆ ನುಂಗಬೇಕು ಎಂದು ಡಾಕ್ಟರಮ್ಮ ಆಗಲೇ ಹೇಳಿದ್ದರು. ಲೈನಿಂಗ್ ಹಾಕದ ಕೋಟು, ಸದ್ಯಕ್ಕೆ ಒರಟು ಎಂದು ಕತ್ತರಿಯಕ್ಕ ತಿಳಿದುಕೊಂಡಳು. ತಿಳಿದದ್ದರಲ್ಲಿ ತಪ್ಪೇನಿರಲಿಲ್ಲ. ತಪ್ಪಿದ್ದು ಆಮೇಲೆ.

ಬಿಳಿ ಬಟ್ಟೆ ಹೊಲಿಯುವವರಿಗೆ ಒಂದು ಉಪಾಯ ಗೊತ್ತಿರುತ್ತದೆ. ಸೂಜಿ ಚುಚ್ಚಿ ಬಟ್ಟೆಗೆ ರಕ್ತ ತಾಗಿದರೆ, ಚುಚ್ಚಿಸಿಕೊಂಡವರೇ ತಕ್ಷಣ ತಮ್ಮ ಎಂಜಲು ಹಚ್ಚಿ ಉಜ್ಜಬೇಕು. ಅವರವರ ರಕ್ತಕ್ಕೆ ಅವರವರ ಎಂಜಲೇ ಮದ್ದು ಎಂದು ಆ ಕೋಣೆಯಲ್ಲಿ ಎಲ್ಲರೂ ನಂಬಿದ್ದರು, ಚುಕ್ಕೆ ಹೋಗುತ್ತಲೂ ಇತ್ತು. ಆದರೆ ಮಾತ್ರೆ ಶುರುವಾದ ಮೇಲೆ ಕತ್ತರಿಯಕ್ಕನ ಬೆರಳು ಮಾತು ಕೇಳಲಿಲ್ಲ. ಸಾಸಿವೆಯಷ್ಟು ಬರಬೇಕಾದ ರಕ್ತ ಗುಂಡಿಯಷ್ಟಾಗಿ ಹರಡುತ್ತಿತ್ತು. ಒತ್ತಿ ಹಿಡಿದರೂ ನಿಲ್ಲದು, ಎಂಜಲು ಹಚ್ಚಿದರೆ ಇನ್ನೂ ಅಗಲವಾಗುತ್ತಿತ್ತು. ಬೆರಳಿಗೆ ಪಟ್ಟಿ ಸುತ್ತಿಕೊಂಡರೆ ಬಟ್ಟೆಯ ನೂಲು ಕೈಗೆ ತಿಳಿಯದು. ಮೇಜು ಬಿಟ್ಟು ಕೂತಿರು ಎಂದ ಒಬ್ಬ ಹೆಂಗಸು ಅವತ್ತು ಅತ್ತುಕೊಂಡೇ ಮನೆಗೆ ಹೋದಳು.

ಒಂದು ದಿನ ಆಸ್ಪತ್ರೆಯ ಸ್ಟೋರಿನಿಂದ ಕೋಟಿನ ಗಂಟೊಂದು ಹಾಗೇ ವಾಪಸು ಬಂತು. ಒಂದೇ ಒಂದು ಕೋಟಿನ ಕಾಲರಿನಡಿ ಕಂದು ಚುಕ್ಕೆ ಇತ್ತಂತೆ. ಇಡೀ ಗಂಟೇ ಬೇಡವಾಯಿತು. ದಿನ ಬೆಳಗಾದರೆ ರಕ್ತದಲ್ಲಿ ಕೈಯಾಡಿಸುವ ಜನಕ್ಕೆ ಒಂದು ಚುಕ್ಕೆ ಕಂಡರೆ ಮೈಲಿಗೆ! ಕತ್ತರಿಯಕ್ಕ ಸ್ಟೋರಿನವನನ್ನು ಅವನಿಲ್ಲದಿದ್ದರೂ ಮನಸಾರೆ ಬೈದಳು. ಗಂಟನ್ನು ಬಿಚ್ಚಿದ ತಮ್ಮ, ಕಾಲರನ್ನು ಬೆರಳಿನಿಂದ ಸವರುತ್ತ, ಅವಳ ಮುಖ ನೋಡದೆ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಒಂದು ಮಾತು ಹೇಳಿದ.

"ಬಿಳಿ ಹೊಲಿಯೋ ದಿನ ಆ ಮಾತ್ರೆ ಒಂಚೂರು ಹಿಂದೆಮುಂದೆ ಆದ್ರೆ ಏನಾಗತ್ತೆ ಅಕ್ಕ?"

ಅವನು ಹೇಳಿದ್ದು ಅಷ್ಟೇ, ಒಂದೇ ಸಲ. ಅದನ್ನು ಕತ್ತರಿಯಕ್ಕ ಮರೆತಿರಲಿಲ್ಲ. ಆ ವಾರವೆಲ್ಲ ಬಿಳಿಯೇ ಇತ್ತು. ಮಾತ್ರೆಯ ಪೊಟ್ಟಣ ಗುಂಡಿಯ ಡಬ್ಬಿಯಲ್ಲಿ ಹಾಗೇ ಕೂತಿತು. ಮೊದಲ ದಿನಗಳಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ವಾರದ ಕೊನೆಗೆ ಸೂಜಿ ಚುಚ್ಚಿದಾಗ ರಕ್ತ ಮೊದಲಿನ ಹಾಗೆ ಸಾಸಿವೆಯಷ್ಟೇ ಬಂದು ನಿಂತಿತು. ಎಂಜಲು ಹಚ್ಚಿ ಉಜ್ಜಿದಳು, ಬಟ್ಟೆ ಹಾಲಿನಂತಾಯಿತು. ಅವಳಿಗಾದ ಖುಷಿ ಹೇಳತೀರದು. ನನ್ನ ಕೈ ನನಗೆ ವಾಪಸು ಬಂತು ಎಂದುಕೊಂಡಳು. ಆಮೇಲಿನ ವಾರವೂ ಬಿಳಿ, ಅದರಾಚೆಯ ವಾರವೂ ಬಿಳಿ. ಡಬ್ಬಿಯಿಂದ ಗುಂಡಿ ತೆಗೆಯುವಾಗ ಪೊಟ್ಟಣ ಕೈಗೆ ತಾಗಿದರೆ ಪಕ್ಕಕ್ಕೆ ಸರಿಸುತ್ತಿದ್ದಳು. ಆಗ ತಮ್ಮ ಯಾಕೆ ಎಂದು ಕೇಳಲಿಲ್ಲ, ಅವಳು ಹೇಳಲಿಲ್ಲ.

ಒಂದು ಮಧ್ಯಾಹ್ನ ತೋಳಿನ ಬಟ್ಟೆ ಕತ್ತರಿಸುತ್ತಿರುವಾಗ ಕತ್ತರಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬಲಗೈ ತನ್ನದಲ್ಲವೆಂಬಂತೆ ತೂಗಾಡಿತು. ಏನಾಯಿತು ಎಂದು ಹೆಂಗಸರು ಓಡಿಬಂದಾಗ, ಸುಮ್ಮನೆ ನೋಡ್ತಾ ನಿಂತಿದ್ದೀರಲ್ಲ, ಕತ್ತರಿ ಎತ್ತಿಕೊಡಿ ಎಂದು ಗದರಲು ಹೊರಟಳು. ಆ ಮಾತು ತಲೆಯಲ್ಲಿ ಇಡಿಯಾಗಿ ಇತ್ತು. ನಾಲಗೆಗೆ ಬರುವಷ್ಟರಲ್ಲಿ ಪುಡಿಯಾಯಿತು.

ಬಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಮತ್ತದೇ ತೊಡೆ, ಮತ್ತದೇ ತಂತಿ. ಹೆಪ್ಪನ್ನು ಹೊರಗೆಳೆದರು. ಜೀವ ಉಳಿಯಿತು. ಬಲಗೈ ಹಿಟ್ಟಿನ ಚೀಲದ ಹಾಗೆ ಭಾರವಾಗಿ ಉಳಿಯಿತು, ಮಾತು ಹೋಯಿತು. ಆದರೆ ಎದುರಿನವರು ಆಡುವ ಒಂದೊಂದು ಮಾತೂ ಅವಳಿಗೆ ಅರ್ಥವಾಗುತ್ತಿತ್ತು. ಇದೊಂದು ಯಾರ ತಲೆಗೂ ಹೋಗುತ್ತಿರಲಿಲ್ಲ. ಪಕ್ಕದ ಮಂಚದವಳನ್ನು ನೋಡಲು ಬಂದವರು ಇವಳನ್ನೂ ಒಮ್ಮೆ ಇಣುಕಿ, ಪಾಪ, ಏನೂ ಗೊತ್ತಾಗಲ್ಲ ಅನ್ಸತ್ತೆ ಎಂದು ಅವಳ ಮುಖದೆದುರಿಗೇ ಹೇಳಿ ಹಣ್ಣು ತಿನ್ನುತ್ತಿದ್ದರು. ಕತ್ತರಿಯಕ್ಕ ಹಲ್ಲು ಕಡಿಯುತ್ತಿದ್ದಳು. ಹಲ್ಲು ಕಡಿದರೆ ನೋವಿರಬೇಕೆಂದು ನರ್ಸ್ ಬೋಳುತಲೆಯವನ ಚಿತ್ರ ಹಿಡಿಯುತ್ತಿದ್ದಳು.

ಸುಳ್ಳು ಹೇಳಿದ ದಿನ ಸಂಜೆ ಮಗಳು ಬಟ್ಟೆ ತರಲು ಮನೆಗೆ ಹೋದಾಗ ತಮ್ಮ ಒಬ್ಬನೇ ಮಂಚದ ಪಕ್ಕ ಕೂತ. ಕುರ್ಚಿಯನ್ನು ದಿಂಬಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮೆಲ್ಲಗೆ, ಪಕ್ಕದ ಮಂಚಕ್ಕೆ ಕೇಳದ ಹಾಗೆ, ಎಲ್ಲವನ್ನೂ ಹೇಳಿಕೊಂಡ. ಅದು ಬಾಯಿಂದ ಬಂದುಬಿಟ್ಟಿತಂತೆ. ಮಗಳಿಗೆ ಗೊತ್ತಾದರೆ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲವಂತೆ. ಇದೇ ಆಸ್ಪತ್ರೆಯವರಿಗೆ ಗೊತ್ತಾದರೆ ಹೊಲಿಗೆ ಕೋಣೆಗೆ ಬೀಗವೇ ಗತಿಯಂತೆ. ಹೇಗೂ ಹೆಪ್ಪು ತೆಗೆದಾಯಿತಲ್ಲ, ಇಲ್ಲಿ ಮಾತ್ರೆಯನ್ನೂ ಸರಿಯಾಗಿ ಕೊಡುತ್ತಿದ್ದಾರಲ್ಲ, ಇನ್ನು ಹೇಳಿದರೆಷ್ಟು ಬಿಟ್ಟರೆಷ್ಟು ಎಂದು ಕಣ್ಣೊರೆಸಿಕೊಂಡ.

"ನಿನ್ನ ಹತ್ರ ಹೇಳ್ಕೊಂಡ ಮೇಲೆ ಮನಸ್ಸು ಹಗುರ ಆಯ್ತು ಅಕ್ಕ."

ಹಗುರವಾಗದೆ ಏನು. ಹೇಳಿಕೊಳ್ಳುವುದಕ್ಕೆ ಇವನಿಗೆ ಸಿಕ್ಕಿದ್ದು ವಾಪಸು ಹೇಳಲಾಗದ ಒಂದು ಜೀವ. ಗೋಡೆಯೆದುರು ತಪ್ಪೊಪ್ಪಿಕೊಂಡ ಹಾಗೆ ಹೇಳಿ ಎದ್ದುಹೋದ. ಕತ್ತರಿಯಕ್ಕ ಎಡಗೈಯಿಂದ ಹೊದಿಕೆಯನ್ನು ಕಿತ್ತು ಎಸೆದಳು. ಸೆಖೆಯಾಗುತ್ತಿರಬೇಕೆಂದು ಯಾರೋ ಬಂದು ಕಿಟಕಿ ತೆರೆದರು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಮಗಳನ್ನೂ ತಮ್ಮನನ್ನೂ ಮಂಚದ ಬಳಿಗೇ ಕರೆದರು. ಕತ್ತರಿಯಕ್ಕನನ್ನು ಇಲ್ಲಿಗೆ ತಂದ ದಿನ, ಯಾವ ಔಷಧವನ್ನೂ ಕೊಡುವ ಮುಂಚೆ ತೆಗೆದ ರಕ್ತದ ಫಲಿತಾಂಶ ಬಂದಿತ್ತು. ಅದರಲ್ಲಿ ಮಾತ್ರೆಯ ಗುಣವೇ ಕಾಣುತ್ತಿರಲಿಲ್ಲ. ಕೆಲವರ ಮೈಗೆ ಆ ಮಾತ್ರೆ ಹತ್ತುವುದಿಲ್ಲ, ನುಂಗಿದರೂ ನುಂಗದ ಹಾಗೆ ಎಂದು ಅವರು ಬಿಡಿಸಿ ಹೇಳಿದರು. ಒಂದು ದಿನವೂ ತಪ್ಪಿಸಿಲ್ಲವೆಂದ ಮೇಲೆ ಇವರೂ ಅಂಥವರೇ ಇರಬೇಕು. ಆದ್ದರಿಂದ ಇವತ್ತಿನಿಂದ ಅದಕ್ಕಿಂತ ಬಲವಾದ ಬೇರೆ ಮಾತ್ರೆ.

ಬಲವಾದದ್ದು ಅಂದರೆ ಏನು ಎಂದು ಮಗಳು ಕೇಳಿದಳು. ಡಾಕ್ಟರಮ್ಮ ಸ್ವಲ್ಪ ತಡೆದು ಉತ್ತರಿಸಿದರು.

"ತಲೆಯೊಳಗೆ ರಕ್ತ ಸೋರೋ ಭಯ ಇದರಲ್ಲಿ ಜಾಸ್ತಿ. ಚಿಕ್ಕ ಗುಳ್ಳೆಗೆ ನಾವಿನ್ನೂ ಏನೂ ಮಾಡಿಲ್ಲ. ಅದೇನಾದ್ರೂ ಒಡೆದ್ರೆ ರಕ್ತ ನಿಲ್ಲಿಸೋದು ಕಷ್ಟ. ಹಳೇ ಮಾತ್ರೆ ಕೆಲಸ ಮಾಡೋ ಹಾಗಿದ್ರೆ ನಾನು ಇದರ ತಂಟೆಗೇ ಹೋಗ್ತಿರಲಿಲ್ಲ."

ಕತ್ತರಿಯಕ್ಕ ತಮ್ಮನನ್ನೇ ನೋಡಿದಳು. ಈಗ ಹೇಳುತ್ತಾನೆ. ಈಗ ಹೇಳಲೇಬೇಕು, ಹೇಳದೆ ಎಲ್ಲಿ ಹೋಗುತ್ತಾನೆ. ತಮ್ಮನ ಮುಖದಿಂದ ರಕ್ತವೆಲ್ಲ ಇಳಿದುಹೋಗಿತ್ತು. ಅವನು ನೆಲ ನೋಡಿದ. ಮಗಳು ತಲೆಯಾಡಿಸಿ, ನಿಮಗೆ ಸರಿ ಅನಿಸಿದ್ದು ಮಾಡಿ ಎಂದಳು. ನರ್ಸ್ ಸಣ್ಣ ಬಟ್ಟಲಲ್ಲಿ ಹೊಸ ಮಾತ್ರೆ ತಂದು ಮಂಚದ ಪಕ್ಕದ ಮೇಜಿನ ಮೇಲಿಟ್ಟಳು.

ಜೀವ ಹೋದರೂ ಸರಿ, ಇವನು ಬಾಯಿ ಬಿಡುವುದಿಲ್ಲ. ಹೋಗುವ ಜೀವ ಯಾರದು? ನಿನ್ನೆಯ ಸುಳ್ಳಿಗೆ ಹೆದರಿಕೆಯ ನೆವವಿತ್ತು. ಇವತ್ತಿನ ಮೌನಕ್ಕೆ ಯಾವ ನೆವವೂ ಇರಲಿಲ್ಲ. ಎತ್ತಿ ಆಡಿಸಿದ ಈ ಹುಡುಗನನ್ನು ಅವಳು ಜೀವಮಾನದಲ್ಲಿ ಇಷ್ಟು ದ್ವೇಷಿಸಿರಲಿಲ್ಲ.

ಎಡಗೈ ಚಾಚಿ ಡಾಕ್ಟರಮ್ಮನ ಕೋಟಿನ ಜೇಬು ಹಿಡಿದಳು. ಜಗ್ಗಿದಳು. ಡಾಕ್ಟರಮ್ಮ ಮೃದುವಾಗಿ ಬಿಡಿಸಿಕೊಳ್ಳಲು ನೋಡಿದರು.

"ಕೋಟು ಹೊಲಿಯೋಳು ಡಾಕ್ಟ್ರೇ, ಬಟ್ಟೆ ಕಂಡ್ರೆ ಹಾಗೇ" ಎಂದ ತಮ್ಮ.

ಬೋಳುತಲೆಯವನ ಹಲಗೆ ಮತ್ತೆ ಮೇಲೆದ್ದಿತು. ಆಗ ಕತ್ತರಿಯಕ್ಕನಿಗೆ ತನ್ನ ಎಡಗೈ ತೋರುಬೆರಳಿನ ನೆನಪಾಯಿತು. ಸಕ್ಕರೆ ನೋಡಲೆಂದು ನರ್ಸ್ ಆಗಷ್ಟೇ ಅದಕ್ಕೆ ಚುಚ್ಚಿ, ಹತ್ತಿಯ ಚೂರೊಂದನ್ನು ಅಂಟಿಸಿದ್ದಳು. ಜೇಬು ಬಿಟ್ಟು ಬೆರಳನ್ನು ಮಂಚದ ಕಂಬಿಗೆ ಉಜ್ಜಿ ಹತ್ತಿಯನ್ನು ಬೀಳಿಸಿದಳು. ಹೆಬ್ಬೆರಳಿನಿಂದ ಒತ್ತಿದಳು. ಇಲ್ಲಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರಲ್ಲ, ರಕ್ತ ಕರೆದ ಕೂಡಲೆ ಬಂತು. ಜೇಬಿನ ಮೂಲೆಯಲ್ಲಿ, ತಾನೇ ಹಾಕಿದ ಅಡ್ಡ ಹೊಲಿಗೆಯ ಪಕ್ಕದಲ್ಲಿ, ಬೆರಳನ್ನು ಊರಿ ಹಿಡಿದಳು.

ನರ್ಸ್ ಅಯ್ಯೋ ಎಂದಳು. ಡಾಕ್ಟರಮ್ಮ ನಿಂತಲ್ಲೇ ನಿಂತರು. ಬಿಳಿಯ ಮೇಲೆ ಗುಂಡಿಯಷ್ಟು ಕೆಂಪು. ಕತ್ತರಿಯಕ್ಕ ಬೆರಳನ್ನು ನಾಲಗೆಗೆ ಒತ್ತಿ, ಎಂಜಲು ಹಚ್ಚಿ, ಚುಕ್ಕೆಯನ್ನು ಉಜ್ಜಿದಳು. ಅದು ಹೋಗಲಿಲ್ಲ, ಅಗಲವಾಯಿತು. ಮತ್ತೆ ಉಜ್ಜಿದಳು, ಇನ್ನೂ ಅಗಲವಾಯಿತು. ಆಮೇಲೆ ಆ ಕೆಂಪು ಬೆರಳಿನಿಂದಲೇ ಮಾತ್ರೆಯ ಬಟ್ಟಲನ್ನು ತೋರಿಸಿ, ಅದನ್ನು ಮೇಜಿನಿಂದಾಚೆ ತಳ್ಳಿದಳು. ಬಟ್ಟಲು ನೆಲದಲ್ಲಿ ಉರುಳಿತು. ಬೆರಳು ತಿರುಗಿ ತಮ್ಮನೆದುರು ನಿಂತಿತು.

ಯಾರಿಗೂ ಏನೂ ಅರ್ಥವಾಗಲಿಲ್ಲ, ಮಗಳೊಬ್ಬಳನ್ನು ಬಿಟ್ಟು. ಅವಳು ಶಾಲೆಯ ದಿನಗಳನ್ನು ಆ ಕತ್ತರಿಸುವ ಮೇಜಿನ ಕೆಳಗೆ ಕೂತು ಕಳೆದವಳು. ಎಂಜಲು ಹಚ್ಚುವ ಆ ಬೆರಳನ್ನು ಎಷ್ಟು ಸಲ ನೋಡಿದ್ದಳೋ. ಅವಳ ಕಣ್ಣು ಚುಕ್ಕೆಯಿಂದ ಬಟ್ಟಲಿಗೆ, ಬಟ್ಟಲಿನಿಂದ ಮಾವನಿಗೆ ಹೋಯಿತು.

"ಬಿಳಿ ಹೊಲಿಯುವಾಗ ಅಮ್ಮ ಮಾತ್ರೆ ಬಿಡ್ತಿದ್ಲಾ, ಮಾವ?"

ತಮ್ಮ ಕನ್ನಡಕ ತೆಗೆದು ಒರೆಸತೊಡಗಿದ.

"ಮಾವ, ನನ್ನ ಮುಖ ನೋಡಿ ಹೇಳು."

ಅವನು ಮುಖ ನೋಡಲಿಲ್ಲ, ಆದರೆ ಹೇಳಿದ. ಹೇಳತೊಡಗಿದ ಮೇಲೆ ನಿಲ್ಲಿಸಲಿಲ್ಲ. ವಾಪಸು ಬಂದ ಗಂಟು, ಕಾಲರಿನ ಚುಕ್ಕೆ, ಗುಂಡಿಯ ಡಬ್ಬಿ ಎಲ್ಲವನ್ನೂ ಹೊರಹಾಕಿದ. ಡಾಕ್ಟರಮ್ಮನ ಮುಖ ಕೆಂಪಾಯಿತು. ಒಂದು ಚುಕ್ಕೆಗೋಸ್ಕರ ಯಾರಾದರೂ ಹೀಗೆ ಮಾಡುತ್ತಾರೆಯೇ, ಈ ಮಾತ್ರೆ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು ಗೊತ್ತೇ ಎಂದು ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಗದರಿದರು. ಒಂದು ಚುಕ್ಕೆಗೋಸ್ಕರ ಇಡೀ ಗಂಟು ವಾಪಸು ಕಳಿಸಿದ್ದು ನಿಮ್ಮ ಸ್ಟೋರಿನವರೇ ಎಂದು ತಮ್ಮ ತಗ್ಗಿದ ದನಿಯಲ್ಲಿ ಹೇಳಿದ. ಡಾಕ್ಟರಮ್ಮ ಕೋಟಿನ ಜೇಬಿನ ಮೂಲೆಯನ್ನು ನೋಡಿಕೊಂಡರು. ಆಮೇಲೆ ಗದರಲಿಲ್ಲ. ಬಿದ್ದ ಮಾತ್ರೆಯನ್ನು ತೆಗೆದುಕೊಂಡುಹೋಗಿ ಹಳೆಯದನ್ನೇ ತರಲು ನರ್ಸಿಗೆ ಹೇಳಿದರು.

ತಮ್ಮ ಇನ್ನೂ ಮುಗಿಸಿರಲಿಲ್ಲ.

"ಎಲ್ಲಾ ನನ್ನಿಂದಲೇ. ದಿನಾ ದಿನಾ ನಾನೇ ಬೇಡ ಅಂತಿದ್ದೆ. ಅಕ್ಕಂದೇನೂ ತಪ್ಪಿಲ್ಲ."

ಕತ್ತರಿಯಕ್ಕನಿಗೆ ಮತ್ತೆ ಉರಿ ಏರಿತು. ಇದೂ ಸುಳ್ಳು. ದಿನಾ ದಿನಾ ಯಾರು ಹೇಳಿದರು? ಹೇಳಿದ್ದು ಒಂದು ಸಲ. ಆಮೇಲೆ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದ್ದು ಅವಳ ಕೈ, ಅವಳ ಖುಷಿ, ಅವಳ ಜಂಬ. ಅವಳ ತಪ್ಪನ್ನು ಅವಳಿಂದ ಕಿತ್ತುಕೊಳ್ಳಲು ಇವನು ಯಾರು? ಅವಳೇನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಗೊಂಬೆಯೇ? ಎಡಗೈಯಿಂದ ತನ್ನ ಎದೆಯನ್ನು ಬಡಿದು ತೋರಿಸಿದಳು. ನಾನು. ನಾನೂ.

ಡಾಕ್ಟರಮ್ಮ ತಟ್ಟನೆ ಬಾಗಿ ಎದೆ ನೋವೇ ಎಂದು ಕೇಳಿದರು. ಮಗಳು ಓಡಿ ಹತ್ತಿರ ಬಂದಳು. ಹಳೆಯ ಮಾತ್ರೆ ಹಿಡಿದು ಬಂದ ನರ್ಸ್ ಇನ್ನೊಂದು ಕೈಯಲ್ಲಿ ಹಲಗೆ ಎತ್ತಿ, ಬೋಳುತಲೆಯವನನ್ನು ಅವಳ ಮೂಗಿಗೇ ಹಿಡಿದಳು. ನೋವಾ ಅಮ್ಮ, ಇದಾ? ತಮ್ಮ ಅಳುತ್ತ, ಅಕ್ಕನಿಗೆ ಏನಾದರೂ ಆದರೆ ತಾನು ಉಳಿಯುವುದಿಲ್ಲ ಎಂದು ಒಂದೇ ಸಮನೆ ಬಡಬಡಿಸುತ್ತಿದ್ದ.

ಕತ್ತರಿಯಕ್ಕ ಹಲಗೆಯನ್ನು ಹೊಡೆದಳು. ಅದು ಹಾರಿ ಪಕ್ಕದ ಮಂಚದ ಕಾಲಿಗೆ ಬಡಿಯಿತು.

"ಮುಚ್ಚು ಬಾಯಿ."

ಅಕ್ಷರ ಅಕ್ಷರವೂ ಇಡಿಯಾಗಿ, ಹೊಲಿಗೆ ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಕೇಳುತ್ತಿದ್ದ ಅದೇ ದನಿಯಲ್ಲಿ ಬಂತು. ಪಕ್ಕದ ಮಂಚದ ಬಳಿ ಹಣ್ಣು ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ಕತ್ತರಿಯಕ್ಕನಿಗೇ ಒಂದು ಗಳಿಗೆ ನಂಬಿಕೆ ಬರಲಿಲ್ಲ. ಬಾಗಿಲು ತೆರೆಯಿತೆಂದುಕೊಂಡು ಉಳಿದದ್ದನ್ನೂ ಹೇಳಲು ಹೊರಟಳು. ನಾನೂ ಮಾಡಿದ್ದೇನೆ, ಅದನ್ನೂ ಬರೆದುಕೊಳ್ಳಿ, ಇವನು ಈಗ ಹೇಳುತ್ತಿರುವುದೂ ಪೂರ್ತಿ ನಿಜವಲ್ಲ. ಬಾಯಿ ತೆರೆದಳು.

"ಮುಚ್ಚು ಬಾಯಿ" ಎಂದಳು. ಇನ್ನೊಮ್ಮೆ ಪ್ರಯತ್ನಿಸಿದಳು. "ಮುಚ್ಚು ಬಾಯಿ."

ಮಗಳು ನಕ್ಕಳು, ನಗುತ್ತಲೇ ಅತ್ತುಬಿಟ್ಟಳು. ಬೈಗುಳದಂಥ ರೂಢಿಯ ಮಾತು ಎಷ್ಟೋ ಸಲ ಮೊದಲು ಬರುತ್ತದೆ, ಒಳ್ಳೆಯ ಲಕ್ಷಣ ಎಂದು ಡಾಕ್ಟರಮ್ಮ ಖುಷಿಯಿಂದ ಹೇಳಿದರು. ಕತ್ತರಿಯಕ್ಕ ಅವರಿಬ್ಬರ ಕಡೆ ನೋಡಲೂ ಇಲ್ಲ. ತಮ್ಮನನ್ನೇ ದುರುಗುಟ್ಟಿ ನೋಡುತ್ತ, ಇನ್ನೊಮ್ಮೆ ಎದೆ ಬಡಿದುಕೊಂಡಳು.

ತಮ್ಮನ ಅಳು ನಿಂತಿತು. ತೊಟ್ಟಿಲಿನಿಂದ ಆ ಮಾತು ಕೇಳಿ ಬೆಳೆದವನು ಅವನೊಬ್ಬನೇ. ಹತ್ತಿರ ಬಂದು ಮಂಚದ ಅಂಚಿನಲ್ಲಿ ಕೂತ.

"ನೀನೂ ಬಿಟ್ಟೆ, ನೀನಾಗೇ ಬಿಟ್ಟೆ. ಅದನ್ನ ಹೇಳಬೇಕಾ?"

ಕತ್ತರಿಯಕ್ಕ ತಲೆಯಾಡಿಸಿದಳು.

ಅವನು ಡಾಕ್ಟರಮ್ಮನ ಕಡೆ ತಿರುಗಿ ಅದನ್ನೂ ಹೇಳಿದ. ತಾನು ಹೇಳಿದ್ದು ಒಂದೇ ಸಲ, ಆಮೇಲೆ ಅಕ್ಕ ತಾನಾಗಿಯೇ ಬಿಟ್ಟಳು, ಕಂಡೂ ಕಾಣದ ಹಾಗೆ ಸುಮ್ಮನಿದ್ದದ್ದು ತಾನು, ನಿನ್ನೆಯೂ ಇವತ್ತೂ ಬಾಯಿ ಬಿಡದೆ ನಿಂತದ್ದು ತಾನು. ಈ ಸಲ ಒಂದು ಎಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಹೇಳಿ ಮುಗಿಸಿ ಅಕ್ಕನ ಕೈ ಹಿಡಿಯಲು ಬಂದ. ಅವಳು ಕೈ ಎಳೆದುಕೊಂಡಳು. ಲೆಕ್ಕ ಸರಿಯಾಗಿತ್ತು, ಕೋಪ ಇನ್ನೂ ಇತ್ತು.

ಡಾಕ್ಟರಮ್ಮ ಹಳೆಯ ಮಾತ್ರೆಗಳನ್ನು ಅವಳ ಎಡಗೈಯಲ್ಲಿಟ್ಟರು. ಅವಳು ಒಂದೊಂದಾಗಿ ನುಂಗಿ, ನಾಲಗೆ ಚಾಚಿ ತೋರಿಸಿ, ಲೋಟವನ್ನು ತಮ್ಮನ ಕೈಗೆ ತುರುಕಿದಳು. ಕೋಟು ಬದಲಾಯಿಸಿಕೊಂಡು ಬನ್ನಿ, ಕಲೆಯಾಗಿದೆ ಎಂದು ನರ್ಸ್ ಡಾಕ್ಟರಮ್ಮನಿಗೆ ನೆನಪಿಸಿದಳು. ಅವರು ಮೊದಲು ಸ್ಟೋರಿನವರಿಗೆ ಇದನ್ನು ತೋರಿಸಿ ಬರುತ್ತೇನೆ ಎಂದು ಅದೇ ಕೋಟಿನಲ್ಲಿ ವಾರ್ಡಿನಿಂದ ಹೊರಟರು.